ಮುಂಡಾಜೆಯ ಮನೆಮಾತು, ಮಂಗಳೂರಿನ ನಿಘಂಟು

ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಮುಂಡಾಜೆಯಲ್ಲಿ ತುಳು ಊರಮಾತು. ಅಡಕೆ ತೋಟಗಳ ನಡುವೆ ನೆಲೆಸಿದ ಚಿತ್ಪಾವನ ಕುಟುಂಬಗಳ ಮನೆಮಾತು ಚಿತ್ಪಾವನಿ. ಶಾಲೆಯ ಮಾತು ಮಾತ್ರ ಕನ್ನಡ. ಹೀಗಾಗಿ ಈ ಭಾಗದ ವಿದ್ಯಾರ್ಥಿಗೆ ಇಂಗ್ಲಿಷ್ ಪದದ ಅರ್ಥ ಮನೆಮಾತಿನಲ್ಲಿ ದೊರೆಯದೆ ಕನ್ನಡದ ಮೂಲಕವೇ ದೊರೆಯುತ್ತ ಬಂದಿದೆ. ಆ ಅರ್ಥವನ್ನು ಒದಗಿಸಿದ ದ್ವಿಭಾಷಾ ನಿಘಂಟುಗಳು, ಎಂದರೆ ಒಂದು ಭಾಷೆಯ ಪದವನ್ನು ಇನ್ನೊಂದರಲ್ಲಿ ವಿವರಿಸುವ ಕೋಶಗಳು, ಮೊದಲಿಗೆ ಸಿದ್ಧವಾದದ್ದು ಹೊರಗಿನಿಂದ ಬಂದವರ ಅನುಕೂಲಕ್ಕೆ.

ವಿಲಿಯಂ ರೀವ್ ಪಾದ್ರಿಯ ಇಂಗ್ಲಿಷ್-ಕರ್ನಾಟಕ ನಿಘಂಟು 1824ರಲ್ಲಿ ಹೊರಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಮುದ್ರಣಾಲಯವನ್ನು ತೆರೆದು, ಮ್ಯಾನರ್ ಪಾದ್ರಿಯ ತುಳು-ಇಂಗ್ಲಿಷ್ ನಿಘಂಟನ್ನು 1886ರಲ್ಲೂ ಇಂಗ್ಲಿಷ್-ತುಳು ನಿಘಂಟನ್ನು 1888ರಲ್ಲೂ ಪ್ರಕಟಿಸಿತು. 1894ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಇವೆಲ್ಲಕ್ಕಿಂತ ಎತ್ತರದ ಕೆಲಸ. ಅದರ ಒಂದೊಂದು ನಮೂದಿನಲ್ಲೂ ಕನ್ನಡ ಲಿಪಿಯ ಪದ, ರೋಮನ್ ಲಿಪಿಯಲ್ಲಿ ಅದರ ಉಚ್ಚಾರ, ಬಳಿಕ ಇಂಗ್ಲಿಷ್ ಅರ್ಥಗಳು ಬರುತ್ತವೆ. ಎಷ್ಟೋ ಕಡೆ ತಮಿಳು, ತೆಲುಗು, ತುಳುಗಳ ಜ್ಞಾತಿಪದಗಳು, ಎಂದರೆ ಒಂದೇ ಮೂಲದಿಂದ ಕವಲೊಡೆದ ಪದಗಳು, ಹಳಗನ್ನಡ ಕಾವ್ಯದ ಪ್ರಯೋಗಗಳು ಮತ್ತು ಗಾದೆಗಳೂ ಜೊತೆಗೂಡುತ್ತವೆ. ಪದದ ಅರ್ಥವನ್ನು ಬಳಕೆಯಿಂದಲೇ ತಿಳಿಯಬೇಕೆಂಬ ಈ ಕ್ರಮ ಕನ್ನಡ ಕಲಿಯುವವನಿಗೆ ದೊರೆಯಿತೇ ಹೊರತು ಇಂಗ್ಲಿಷ್ ಕಲಿಯುವ ಕನ್ನಡಿಗನಿಗೆ ಆಗ ಅಷ್ಟೇ ಧಾರಾಳವಾಗಿ ದೊರೆಯಲಿಲ್ಲ.

ಆ ಕೊರತೆ ಸಣ್ಣದೇನಲ್ಲ. 'ಚಾರ್ಜ್' ಎಂಬ ಪದಕ್ಕೆ ಹೊಣೆ, ದರ, ಆರೋಪ, ವಿದ್ಯುದಂಶ ಎಂದು ಸಾಲಾಗಿ ಅರ್ಥ ಬರೆದರೆ, ಅಧಿಕಾರಿ ಚಾರ್ಜ್ ತೆಗೆದುಕೊಳ್ಳುವುದಕ್ಕೂ ಪೊಲೀಸರು ಲಾಠಿ ಚಾರ್ಜ್ ಮಾಡುವುದಕ್ಕೂ ಇರುವ ಅಂತರ ಆ ಸಾಲಿನಿಂದ ಹೊಳೆಯುವುದಿಲ್ಲ. ಪದ ಯಾವುದರ ಜೊತೆ ಕೂಡುತ್ತದೆ ಎಂಬುದು ತಿಳಿಯಬೇಕು. 1946ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆಯಾದರೂ, ಮುಂಡಾಜೆ ಇರುವ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು ಎಂಬುದನ್ನು ಮರೆಯಬಾರದು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಉಡುಪಿಯಿಂದ 1988 ಮತ್ತು 1997ರ ನಡುವೆ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಾಗಿ ಬಂದ ತುಳು ನಿಘಂಟು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅರ್ಥ ಕೊಡುತ್ತದೆ. ಆದರೆ ಅದೂ ತುಳುವಿನಿಂದಲೇ ಹೊರಡುವುದರಿಂದ, ಇಂಗ್ಲಿಷ್ ಪದವನ್ನು ಹಿಡಿದು ಬಂದ ಮುಂಡಾಜೆಯ ತುಳು ವಿದ್ಯಾರ್ಥಿಗೆ 1888ರ ಮ್ಯಾನರ್ ನಿಘಂಟಿನ ಮಹತ್ವ ಇಂದಿಗೂ ಕಡಮೆಯಾಗಿಲ್ಲ.