ಅಂತರ್ಜಾಲ ಮೀಮ್: ಮನವೊಲಿಸುವ ತಂತ್ರಗಳು

ಒಂದು ಚಿತ್ರವನ್ನೋ ವಿಡಿಯೊ ತುಣುಕನ್ನೋ ಮಾತನ್ನೋ ಹಲವರು ತಮಗೆ ಬೇಕಾದಂತೆ ಮಾರ್ಪಡಿಸಿ ಹಂಚಿಕೊಳ್ಳುತ್ತ ಹೋಗುವುದರಿಂದ ಹುಟ್ಟುವ ಅಭಿವ್ಯಕ್ತಿ ಪ್ರಕಾರ ಮೀಮ್. ನಗಿಸುವುದು ಇದರ ಮೇಲ್ನೋಟದ ಕೆಲಸವಾದರೂ ಚುನಾವಣಾ ಪ್ರಚಾರ, ಜಾಹೀರಾತು, ಚಳವಳಿಗಳಲ್ಲಿ ಜನಾಭಿಪ್ರಾಯ ರೂಪಿಸುವ ಸಾಧನವಾಗಿಯೂ ಬೆಳೆದಿದೆ.

ಹಿನ್ನೆಲೆ: ಅನುಕರಣೆಯಿಂದ ಒಬ್ಬರಿಂದೊಬ್ಬರಿಗೆ ದಾಟುವ ಸಾಂಸ್ಕೃತಿಕ ಘಟಕಕ್ಕೆ ಈ ಹೆಸರಿಟ್ಟವರು ಬ್ರಿಟಿಷ್ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, ಅವರ ‘ದಿ ಸೆಲ್ಫಿಶ್ ಜೀನ್’ (1976) ಕೃತಿಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1994ರಲ್ಲಿ ಅಮೆರಿಕದ ವಕೀಲ ಮೈಕ್ ಗಾಡ್ವಿನ್ ‘ವೈರ್ಡ್’ ಪತ್ರಿಕೆಯ ಲೇಖನದಲ್ಲಿ ಇದನ್ನು ಅಂತರ್ಜಾಲಕ್ಕೆ ಅನ್ವಯಿಸಿದರು. ಇಸ್ರೇಲಿನ ವಿದ್ವಾಂಸೆ ಲಿಮೋರ್ ಶಿಫ್ಮನ್ ‘ಮೀಮ್ಸ್ ಇನ್ ಡಿಜಿಟಲ್ ಕಲ್ಚರ್’ (2013) ಕೃತಿಯಲ್ಲಿ ಮೀಮ್‌ನ ವಸ್ತು, ರೂಪ, ನಿಲುವು ಎಂಬ ಮೂರು ಆಯಾಮಗಳನ್ನು ಬೇರ್ಪಡಿಸಿ ನೋಡುವ ಕ್ರಮ ಹಾಕಿಕೊಟ್ಟರು.

ಹೇಳದೆ ಒಪ್ಪಿಸುವ ಕಲೆ: ಮೀಮ್‌ನ ಮುಖ್ಯ ಬಲವಿರುವುದು ಅದು ಹೇಳದೆ ಬಿಟ್ಟದ್ದರಲ್ಲಿ. ವಾದದ ಒಂದು ಕೊಂಡಿಯನ್ನು ಭಾಷಣಕಾರ ಹೇಳದೆ ಬಿಟ್ಟು ಕೇಳುಗನೇ ಅದನ್ನು ತುಂಬಿಕೊಳ್ಳುವಂತೆ ಮಾಡುವ ತಂತ್ರವನ್ನು ಅರಿಸ್ಟಾಟಲ್ ‘ರೆಟರಿಕ್’ ಗ್ರಂಥದಲ್ಲಿ ವಿವರಿಸಿದ್ದಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ವಾಚ್ಯಾರ್ಥದಾಚೆ ಸಹೃದಯನಿಗೆ ಹೊಳೆಯುವ ಅರ್ಥಕ್ಕೆ ಪ್ರಾಧಾನ್ಯ ಕೊಟ್ಟ. ಇವೆರಡೂ ಮೀಮ್‌ನ ಅಧ್ಯಯನಕ್ಕೆ ಒದಗುತ್ತವೆ. ತಾನೇ ಕಂಡುಕೊಂಡ ತೀರ್ಮಾನವನ್ನು ಮನುಷ್ಯ ಬೇಗ ಪ್ರಶ್ನಿಸುವುದಿಲ್ಲ. ಆಗ ನಗುವೇ ಒಪ್ಪಿಗೆಯಾಗಿಬಿಡುತ್ತದೆ.

ಒಂದು ನಿದರ್ಶನ: ಸ್ಪೇನ್‌ನ ಛಾಯಾಗ್ರಾಹಕ ಆಂಟೋನಿಯೊ ಗಿಯೆಮ್ ತೆಗೆದ ಚಿತ್ರವೊಂದು 2017ರಲ್ಲಿ ಜಗತ್ತಿನಾದ್ಯಂತ ಮೀಮ್ ಆಯಿತು. ಗೆಳತಿಯೊಡನೆ ನಡೆಯುತ್ತಿರುವ ಯುವಕ ಹಾದುಹೋದ ಇನ್ನೊಬ್ಬಳತ್ತ ತಿರುಗಿ ನೋಡುತ್ತಾನೆ, ಗೆಳತಿ ಸಿಟ್ಟಾಗುತ್ತಾಳೆ. ಮೂವರ ಮೇಲೂ ಒಂದೊಂದು ಹೆಸರು ಬರೆದರೆ ಸಾಕು, ಮೀಮ್ ಸಿದ್ಧ. ಅಲಂಕಾರಶಾಸ್ತ್ರದ ಮಾತಿನಲ್ಲಿ ಬರೆದ ಹೆಸರುಗಳು ಉಪಮೇಯ, ಚಿತ್ರ ಉಪಮಾನ. ಯುವಕನ ಮೇಲೆ ‘ಮತದಾರ’, ಇಬ್ಬರು ಯುವತಿಯರ ಮೇಲೆ ಎರಡು ಪಕ್ಷಗಳ ಹೆಸರು ಬರೆದರೆ, ಪಕ್ಷ ಬದಲಿಸುವುದು ಚಂಚಲತೆ ಎಂಬ ತೀರ್ಪು ಒಂದು ವಾಕ್ಯವೂ ಇಲ್ಲದೆ ಬಂದುಬಿಡುತ್ತದೆ. ಇರುವುದು ಎರಡೇ ಆಯ್ಕೆ ಎಂಬ ಭ್ರಮೆಯೂ ಜೊತೆಗೆ ಸೇರುತ್ತದೆ. ಸ್ವೀಡನ್‌ನ ಅಂತರ್ಜಾಲ ಸೇವಾ ಸಂಸ್ಥೆ ಬಾನ್‌ಹಾಫ್ ಉದ್ಯೋಗದ ಜಾಹೀರಾತಿಗೆ ಇದೇ ಚಿತ್ರ ಬಳಸಿದಾಗ, ಮಹಿಳೆಯರನ್ನು ಬದಲಾಯಿಸಬಹುದಾದ ವಸ್ತುಗಳಂತೆ ತೋರಿಸಲಾಗಿದೆ ಎಂದು 2018ರಲ್ಲಿ ಅಲ್ಲಿನ ಜಾಹೀರಾತು ನಿಗಾ ಸಂಸ್ಥೆ ಆಕ್ಷೇಪಿಸಿತು. ಹೆಸರು ಬದಲಾದರೂ ಉಪಮಾನದೊಳಗಿನ ಮೌಲ್ಯಗಳು ಉಳಿದೇ ಇರುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡದಲ್ಲಿ: ‘ಜಾಗ್ವಾರ್’ (2016) ಚಿತ್ರದ ಸಮಾರಂಭವೊಂದರಲ್ಲಿ ರಾಜಕಾರಣಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತು, 2019ರ ಲೋಕಸಭಾ ಚುನಾವಣೆಗೆ ನಿಖಿಲ್ ಮಂಡ್ಯದ ಅಭ್ಯರ್ಥಿಯಾದಾಗ ಮೀಮ್ ಆಗಿ ಹಬ್ಬಿತು. ತಂದೆ ಮಗನನ್ನು ಕರೆದ ಸಾಮಾನ್ಯ ಮಾತಿಗೆ ಚುನಾವಣೆಯ ಸಂದರ್ಭ ಕುಟುಂಬ ರಾಜಕಾರಣದ ಟೀಕೆಯ ಧ್ವನಿ ಕೊಟ್ಟಿತು. ಯಾರು ಬೇಕಾದರೂ ಅನುಕರಿಸಬಹುದಾದ ರಾಗ, ಪುನರಾವರ್ತನೆ, ಮಂಡ್ಯದಾಚೆಗೂ ಅರ್ಥವಾಗುವ ಸರಳತೆ ಅದನ್ನು ಹರಡಿದವು.

ಅರ್ಥದ ಪಲ್ಲಟ: ಮೀಮ್‌ನ ಅರ್ಥ ಅದನ್ನು ರಚಿಸಿದವರ ಹಿಡಿತದಲ್ಲಿ ಉಳಿಯುವುದಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ ಮ್ಯಾಟ್ ಫ್ಯೂರಿ 2005ರಲ್ಲಿ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ‘ಪೆಪೆ’ ಎಂಬ ಕಪ್ಪೆಯನ್ನು ಅಮೆರಿಕದ ಜನಾಂಗದ್ವೇಷಿ ಗುಂಪುಗಳು ಬಳಸಿಕೊಂಡವು. 2016ರಲ್ಲಿ ಯೆಹೂದಿ ದ್ವೇಷದ ವಿರುದ್ಧ ಹೋರಾಡುವ ಸಂಸ್ಥೆ ಆ್ಯಂಟಿ ಡಿಫಮೇಶನ್ ಲೀಗ್ ಅದರ ಅಂಥ ರೂಪಗಳನ್ನು ದ್ವೇಷ ಸಂಕೇತಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಹಾಂಗ್‌ಕಾಂಗ್‌ನ ಪ್ರಜಾಪ್ರಭುತ್ವವಾದಿ ಪ್ರತಿಭಟನಕಾರರಿಗೆ ಅದೇ ಕಪ್ಪೆ ಪ್ರತಿರೋಧದ ಗುರುತಾಯಿತು. ಗುಂಪಿನ ಒಳಗಿನವರಿಗೆ ಮಾತ್ರ ತಿಳಿಯುವ ಸೂಚನೆ ಆತ್ಮೀಯತೆ ಬೆಳೆಸುತ್ತದೆ. ಹೊರಗಿನವರು ಪ್ರಶ್ನಿಸಿದರೆ ‘ತಮಾಷೆಗೆ ಹೇಳಿದ್ದು’ ಎಂದು ಜಾರಿಕೊಳ್ಳಲೂ ದಾರಿಯಾಗುತ್ತದೆ. ದ್ವೇಷಪ್ರಚಾರಕ್ಕೆ ಮೀಮ್ ಒದಗುವುದು ಈ ಕಾರಣಕ್ಕೆ.

ವಿಶ್ಲೇಷಣೆಯ ಕ್ರಮ: ಮೀಮ್ ಒಂದನ್ನು ಪರೀಕ್ಷಿಸುವಾಗ ಅದು ಹೇಳದೆ ಬಿಟ್ಟ ವಾಕ್ಯವನ್ನು ಪೂರ್ಣವಾಗಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಆ ವಾಕ್ಯಕ್ಕೆ ಆಧಾರವಿದೆಯೇ, ಚಿತ್ರ ಮೂಲದಲ್ಲಿ ಯಾವ ಸಂದರ್ಭದ್ದು, ನಗುವಿಗೆ ಗುರಿಯಾದವರು ಅಧಿಕಾರದಲ್ಲಿರುವವರೇ ದುರ್ಬಲರೇ ಎಂಬುದನ್ನು ಅನಂತರ ಕೇಳಬೇಕು. ಬರೆದಿಟ್ಟ ಮೇಲೂ ಆ ವಾಕ್ಯ ಒಪ್ಪಿಗೆಯಾದರೆ ಅದು ವಾದ. ಬರೆದ ಕೂಡಲೇ ಒಪ್ಪಲು ಹಿಂಜರಿದರೆ, ಒಪ್ಪಿಸಿದ್ದು ನಗು ಮಾತ್ರ.