300 ನಾಟಿಕಲ್ ಮೈಲು, ಕಾಕ್‌ಪಿಟ್‌ನಲ್ಲಿ ಒಬ್ಬರೇ: ವಿದ್ಯಾರ್ಥಿ ಪೈಲಟ್‌ಗಳ ಸಿದ್ಧತೆ ಹೇಗಿರಬೇಕು? ಇಲ್ಲಿದೆ ಮಾಹಿತಿ

ಜಕ್ಕೂರು, ಬಾರಾಮತಿ, ಗೊಂಡಿಯಾ ಅಥವಾ ಫುರ್ಸತ್‌ಗಂಜ್, ತರಬೇತಿ ಎಲ್ಲೇ ನಡೆಯಲಿ, ವಿದ್ಯಾರ್ಥಿ ಪೈಲಟ್‌ಗೆ ಒಂದು ದಿನ ಬಂದೇ ಬರುತ್ತದೆ. ಪಕ್ಕದ ಸೀಟಿನಲ್ಲಿ ಬೋಧಕರಿಲ್ಲದೆ ದೂರದ ಊರಿಗೆ ಹಾರಿ, ಸುರಕ್ಷಿತವಾಗಿ ಮರಳಬೇಕಾದ ದಿನ ಅದು. ಅಂದು ಕೈಹಿಡಿಯುವುದು ಹಿಂದಿನ ರಾತ್ರಿ ಮೇಜಿನ ಮೇಲೆ ಮಾಡಿಕೊಂಡ ಲೆಕ್ಕ.

ನಿಯಮ ಏನು ಹೇಳುತ್ತದೆ?

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ (ಸಿಪಿಎಲ್) ಡಿಜಿಸಿಎ ಕನಿಷ್ಠ 200 ಗಂಟೆಗಳ ಹಾರಾಟ ನಿಗದಿಪಡಿಸಿದೆ. ಪೈಲಟ್ ಇನ್ ಕಮಾಂಡ್ ಆಗಿ 20 ಗಂಟೆ ಕ್ರಾಸ್ ಕಂಟ್ರಿ ಹಾರಾಟ ಇದರಲ್ಲಿ ಸೇರಿರಬೇಕು. ಅವುಗಳಲ್ಲಿ ಒಂದು ಕನಿಷ್ಠ 300 ನಾಟಿಕಲ್ ಮೈಲು, ಅಂದರೆ ಸುಮಾರು 556 ಕಿ.ಮೀ. ಇರಬೇಕು. ಎರಡು ಬೇರೆ ಬೇರೆ ಏರೋಡ್ರೋಮ್‌ಗಳಲ್ಲಿ ಇಳಿದು ವಿಮಾನವನ್ನು ಪೂರ್ತಿ ನಿಲ್ಲಿಸಬೇಕು. ರನ್‌ವೇಗೆ ಚಕ್ರ ತಾಗಿಸಿ ಮತ್ತೆ ಮೇಲೇರಿದರೆ ಅದು ಲೆಕ್ಕಕ್ಕಿಲ್ಲ. 298 ಮೈಲು ಹಾರಿದರೂ ಷರತ್ತು ಪೂರೈಸಿದಂತಾಗದು. ಆದ್ದರಿಂದ ಮಾರ್ಗ ಆರಿಸುವಾಗಲೇ ಹತ್ತಿಪ್ಪತ್ತು ಮೈಲು ಹೆಚ್ಚಿಟ್ಟುಕೊಳ್ಳುವುದು ಜಾಣತನ.

ನಕ್ಷೆಯ ಮೇಲೆ ಗೆರೆ

ಮಾರ್ಗದ ಗೆರೆ ಎಳೆದ ಮೇಲೆ 10-15 ನಿಮಿಷಕ್ಕೊಂದರಂತೆ ಗುರುತುಗಳನ್ನು ಆರಿಸಬೇಕು. ದೊಡ್ಡ ಕೆರೆ, ಅಣೆಕಟ್ಟು, ರೈಲ್ವೆ ಜಂಕ್ಷನ್ ಒಳ್ಳೆಯ ಗುರುತುಗಳು. ಬೇಸಿಗೆಯಲ್ಲಿ ಕೆರೆ ಒಣಗಿರಬಹುದು ಎಂಬುದು ನೆನಪಿರಲಿ. 60 ಮೈಲು ಹಾರುವಷ್ಟರಲ್ಲಿ ಮಾರ್ಗದಿಂದ 1 ಮೈಲು ಪಕ್ಕಕ್ಕೆ ಸರಿದಿದ್ದರೆ ದಿಕ್ಕು ಸುಮಾರು 1 ಡಿಗ್ರಿ ತಪ್ಪಿದೆ ಎಂದರ್ಥ. ಜಿಪಿಎಸ್ ಕೈಕೊಟ್ಟಾಗ ಈ ಸರಳ ಸೂತ್ರವೇ ಆಸರೆ.

ಗಾಳಿಯ ಲೆಕ್ಕ ತಪ್ಪಿದರೆ?

100 ನಾಟ್ ವೇಗದ ವಿಮಾನ 150 ಮೈಲು ಹೋಗಿ ಬರಲು ಗಾಳಿ ಇಲ್ಲದಿದ್ದರೆ 3 ಗಂಟೆ ಸಾಕು. ಹೋಗುವಾಗ 20 ನಾಟ್ ಎದುರುಗಾಳಿ, ಬರುವಾಗ ಅದೇ ಹಿಂಗಾಳಿ ಇದ್ದರೆ ಎರಡೂ ಸರಿಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಹೋಗಲು ಸುಮಾರು 1 ಗಂಟೆ 52 ನಿಮಿಷ, ಬರಲು 1 ಗಂಟೆ 15 ನಿಮಿಷ ಬೇಕು. ಒಟ್ಟು 7 ನಿಮಿಷ ಹೆಚ್ಚು! ಎದುರುಗಾಳಿಯಲ್ಲಿ ಕಳೆಯುವ ಸಮಯವೇ ಹೆಚ್ಚಾಗಿರುವುದು ಇದಕ್ಕೆ ಕಾರಣ.

ಹಗಲಿನ ವಿಎಫ್‌ಆರ್ ಹಾರಾಟಕ್ಕೆ ಗಮ್ಯ ತಲುಪಿದ ಮೇಲೂ 30 ನಿಮಿಷದ ಇಂಧನ ಉಳಿದಿರಬೇಕೆಂಬುದು ಅಂತಾರಾಷ್ಟ್ರೀಯ ಮಾನದಂಡ. ಅದು ಕನಿಷ್ಠ ಮಿತಿ ಮಾತ್ರ. ಜೆಟ್‌ಗಳ ಎಟಿಎಫ್ ಸಿಗುವ ಕಡೆಯೆಲ್ಲ ಪಿಸ್ಟನ್ ಎಂಜಿನ್‌ಗೆ ಬೇಕಾದ ಅವ್‌ಗ್ಯಾಸ್ ಸಿಗುವುದಿಲ್ಲ. ಹೊರಡುವ ಮುನ್ನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಹವಾಮಾನ, ಅನುಮತಿ

10,000 ಅಡಿಗಿಂತ ಕೆಳಗೆ ವಿಎಫ್‌ಆರ್ ಹಾರಾಟಕ್ಕೆ ಕನಿಷ್ಠ 5 ಕಿ.ಮೀ. ಗೋಚರತೆ ಬೇಕು. ಚಳಿಗಾಲದ ಬೆಳಗಿನ ಮಂಜು, ಬೇಸಿಗೆ ಮಧ್ಯಾಹ್ನದ ಗುಡುಗು ಮೋಡಗಳನ್ನು ಗಮನದಲ್ಲಿಟ್ಟು ಸಮಯ ನಿಗದಿಪಡಿಸಬೇಕು. ಕೊನೆಯ ಲ್ಯಾಂಡಿಂಗ್ ಸೂರ್ಯಾಸ್ತಕ್ಕೆ ಸಾಕಷ್ಟು ಮೊದಲೇ ಆಗುವಂತಿರಲಿ. ನೋಟಮ್‌ಗಳನ್ನು ಓದಿ, ಫ್ಲೈಟ್ ಪ್ಲಾನ್ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ಎಡಿಸಿ ಸಂಖ್ಯೆ ಹಾಗೂ ಎಫ್‌ಐಸಿ ಸಂಖ್ಯೆ ಪಡೆದುಕೊಳ್ಳಬೇಕು.

ಹಿಂದಿರುಗುವುದು ಸೋಲಲ್ಲ

ಮುಂದೆ ಮೋಡ ತಗ್ಗುತ್ತಿದ್ದರೂ 'ಇನ್ನು 20 ಮೈಲು ತಾನೇ' ಎಂದು ಮುನ್ನುಗ್ಗುವುದು ಅತ್ಯಂತ ಅಪಾಯಕಾರಿ. ಎಲ್ಲಿಂದ ಹಿಂದಿರುಗಬೇಕು, ಯಾವ ಪರ್ಯಾಯ ಏರೋಡ್ರೋಮ್‌ಗೆ ಹೋಗಬೇಕು ಎಂಬುದನ್ನು ನೆಲದ ಮೇಲಿರುವಾಗಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಅರ್ಧಕ್ಕೆ ಬಿಟ್ಟ ಕ್ರಾಸ್ ಕಂಟ್ರಿಯನ್ನು ಇನ್ನೊಂದು ದಿನ ಹಾರಬಹುದು. ಖರ್ಚು ಹೆಚ್ಚಾಗುತ್ತದೆ, ನಿಜ. ಆದರೆ ಲಾಗ್‌ಬುಕ್‌ನಲ್ಲಿ ಪೈಲಟ್ ಇನ್ ಕಮಾಂಡ್ ಎಂದು ಬರೆದುಕೊಳ್ಳುವವರು ತೆಗೆದುಕೊಳ್ಳಬೇಕಾದ ಮೊದಲ ನಿರ್ಧಾರವೂ ಅದೇ.