ಸಸಾರಜನಕವೆಂಬ ಹೆಸರೂ ಕಡಲೆಕಾಯಿ ಹಿಂಡಿಯ ಚರಿತ್ರೆಯೂ

ಶಿವಮೊಗ್ಗೆಯ ಕೋಟೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದು ಅಲ್ಲಿನ ಶಿಲ್ಪಗಳನ್ನು ತೋರಿಸುವ ನಾವು, ಚರಿತ್ರೆಯ ಅಧ್ಯಾಪಕರು, ನಮ್ಮ ಕಾಲೇಜಿನದೇ ಪ್ರಯೋಗಶಾಲೆಯ ಬಾಗಿಲನ್ನು ದಾಟುವುದು ಅಪರೂಪ. ಅಲ್ಲಿಯೂ ಚರಿತ್ರೆಯುಂಟು. ಮಲೆನಾಡಿನ ಅಡಕೆ ಬೆಳೆಗಾರನು ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತವೇ ಪ್ರಯೋಗಶಾಲೆಯಲ್ಲಿ ಬೇರೊಂದು ಕೆಲಸವನ್ನು ಮಾಡುತ್ತದೆ. ಮೊಟ್ಟೆಯ ಲೋಳೆಗೆ ಕಾಸ್ಟಿಕ್ ಸೋಡದ ದ್ರಾವಣವನ್ನು ಸೇರಿಸಿ, ಮೈಲುತುತ್ತದ ದ್ರಾವಣವನ್ನು ಕೆಲವು ತೊಟ್ಟು ಬಿಟ್ಟರೆ ಪ್ರನಾಳದಲ್ಲಿ ನೇರಿಳೆ ಬಣ್ಣ ಮೂಡುತ್ತದೆ. ಇದು ಬಯೂರೆಟ್ ಪರೀಕ್ಷೆ. ಜಿಡ್ಡಿನ ಪರೀಕ್ಷೆಗಾದರೋ ಇಷ್ಟೂ ಬೇಡ. ಕಾಳನ್ನು ಕಾಗದದ ಮೇಲೆ ಉಜ್ಜಿ ಬೆಳಕಿಗೆ ಹಿಡಿದರೆ ಸಾಕು.

ನಮ್ಮ ಹಳೆಯ ಪಠ್ಯಪುಸ್ತಕಗಳು ಪ್ರೋಟೀನನ್ನು ಸಸಾರಜನಕವೆಂದು ಕರೆದುವು. ಸಾರಜನಕವೆಂದರೆ ನೈಟ್ರೋಜನ್, ಅದನ್ನೊಳಗೊಂಡುದು ಸಸಾರಜನಕ. ಬರ್ಜೀಲಿಯಸನ ಸೂಚನೆಯಂತೆ ಮುಲ್ಡರನು 1838ರಲ್ಲಿ ಬಳಕೆಗೆ ತಂದ ಪ್ರೋಟೀನ್ ಎಂಬ ಹೆಸರಿಗೆ ಗ್ರೀಕಿನ 'ಮೊದಲನೆಯದು' ಎಂಬ ಅರ್ಥವೇ ಮೂಲ. ಕನ್ನಡದ ಹೆಸರು ಹೆಚ್ಚು ಪ್ರಾಮಾಣಿಕವೆಂದು ನಮಗೆ ತೋರುತ್ತದೆ. ಏಕೆಂದರೆ ರಸಾಯನಜ್ಞನು ಬಹುಕಾಲ ಅಳೆದುದು ಸಾರಜನಕವನ್ನೇ. ಕೋಪನ್‌ಹೇಗನ್ನಿನ ಕೆಲ್‌ಡಾಲನು 1883ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆಹಾರವನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿದ್ದ ಸಾರಜನಕವನ್ನು ಅಮೋನಿಯವಾಗಿ ಹಿಡಿದು ಅಳೆಯುತ್ತಾರೆ. ಪ್ರೋಟೀನಿನಲ್ಲಿ ಶೇಕಡ 16ರಷ್ಟು ಸಾರಜನಕವಿದೆಯೆಂದು ಎಣಿಸಿ, ಬಂದ ಅಂಕಿಯನ್ನು 6.25ರಿಂದ ಗುಣಿಸುವುದು ರೂಢಿ. ಅಮೈನೋ ಆಮ್ಲಗಳು ಕೊಂಡಿಗಳಂತೆ ಸೇರಿ ಪ್ರೋಟೀನಿನ ಸರಪಳಿಯಾಗುತ್ತದೆಂದು ಫಿಷರ್ ಮತ್ತು ಹಾಫ್‌ಮೈಸ್ಟರ್ 1902ರಲ್ಲಿ ತಿಳಿಸಿದರು. ಬಯೂರೆಟ್ ಪರೀಕ್ಷೆಗೆ ಕಾಣುವುದು ಆ ಕೊಂಡಿ, ಕೆಲ್‌ಡಾಲನ ವಿಧಾನಕ್ಕೆ ಸಾರಜನಕ. ಸರಪಳಿಯಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆಯೆಂಬುದು ಎರಡಕ್ಕೂ ಕಾಣದು.

ಈ ಕುರುಡುತನದ ಬೆಲೆಯೇನೆಂಬುದನ್ನು ನಮ್ಮ ನಾಡಿನ ಕಡಲೆಕಾಯಿಯಿಂದಲೇ ತಿಳಿಯಬಹುದು. ಗಾಣವು ಕಾಯಿಯನ್ನು ಎರಡಾಗಿ ಬೇರ್ಪಡಿಸುತ್ತದೆ. ಇಳಿದುಬರುವ ಎಣ್ಣೆ ಜಿಡ್ಡು; ಅದು ಗ್ಲಿಸರಿನ್ ಮತ್ತು ಮೇದಾಮ್ಲಗಳ ಸಂಯೋಗವೆಂಬುದನ್ನು ಫ್ರಾನ್ಸಿನ ಶೆವ್ರೆಲ್ 1823ರ ತನ್ನ ಗ್ರಂಥದ ಹೊತ್ತಿಗೇ ಬಿಡಿಸಿದ್ದನು, ಸಾರಜನಕದ ಗೊಡವೆ ಅಲ್ಲಿಲ್ಲ. ಉಳಿಯುವ ಹಿಂಡಿಯಲ್ಲಿ ಪ್ರೋಟೀನು ತುಂಬಿದೆ. ಎಣ್ಣೆ ಮನುಷ್ಯನಿಗೆ, ಹಿಂಡಿ ದನಕ್ಕೆ ಎಂಬುದು ನಮ್ಮವರ ಹಂಚಿಕೆ.

ಈ ಹಂಚಿಕೆಯನ್ನು ಪ್ರಶ್ನಿಸಿದವರು ಜೀವರಸಾಯನಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಬಡವರ ಆಹಾರದ ಅಧ್ಯಯನ ಮೊದಲೇ ಬೇರೂರಿತ್ತು. ಹೆಂಗಸೆಂಬ ಕಾರಣಕ್ಕೆ ಮೊದಲು ಪ್ರವೇಶವನ್ನೇ ನಿರಾಕರಿಸಲ್ಪಟ್ಟ ಕಮಲಾ ಸೊಹೋನಿ, 1933ರಲ್ಲಿ ಅಲ್ಲಿ ಸೇರಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಶೋಧಿಸಿದರು. ಅಲ್ಲಿಯೇ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ವಿ. ಸುಬ್ರಹ್ಮಣ್ಯನ್, 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಆ ಸಂಸ್ಥೆಯು ಸಿದ್ಧಪಡಿಸಿದ 'ಬಹೂಪಯೋಗಿ ಆಹಾರ'ದಲ್ಲಿ ಮುಕ್ಕಾಲು ಪಾಲು ಜಿಡ್ಡು ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಈ ಕಾಲು ಪಾಲು ಕಾಟಾಚಾರದ್ದಲ್ಲ. ಕಡಲೆಕಾಯಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಮೆ, ಕಡಲೆಯಲ್ಲಿ ಅದು ಹೆಚ್ಚು. ಇಲ್ಲಿ ಸರಪಳಿಯ ರಚನೆಯ ಜ್ಞಾನವು ಅಡುಗೆಯ ಅಳತೆಯಾಯಿತು.

ಅಂಕಿಗಳ ಕಡೆಗೂ ಒಮ್ಮೆ ನೋಡಬೇಕು. ಕಡಲೆಕಾಯಿಗೆ ಸರಿಯಾದ ಗುಣಕ 6.25 ಅಲ್ಲ, 5.46. ನೂರು ಗ್ರಾಂ ಹಿಟ್ಟಿನಲ್ಲಿ 8 ಗ್ರಾಂ ಸಾರಜನಕವಿದ್ದರೆ ರೂಢಿಯ ಲೆಕ್ಕದಲ್ಲಿ 50 ಗ್ರಾಂ ಪ್ರೋಟೀನು, ಸರಿಯಾದ ಲೆಕ್ಕದಲ್ಲಿ 44 ಗ್ರಾಮಿಗೂ ಕಡಮೆ. ಇದು ಕಾಗದದ ಮೇಲಿನ ತಪ್ಪು. 1960ರಲ್ಲಿ ಬೆಳಕಿಗೆ ಬಂದುದು ಅಷ್ಟು ಸಣ್ಣದಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಟರ್ಕಿ ಕೋಳಿಗಳು ಸತ್ತುವು. ಕಾರಣವನ್ನು ಹುಡುಕುತ್ತ ಹೋದವರು ಬ್ರೆಜಿಲಿನ ಕಡಲೆಕಾಯಿ ಹಿಂಡಿಯನ್ನು ಮುಟ್ಟಿದರು. ಹಿಂಡಿಗೆ ಹತ್ತಿದ್ದ ಬೂಷ್ಟಿನ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಸಾರಜನಕದ ಪರೀಕ್ಷೆಯಲ್ಲಿ ಅಂಥ ಹಿಂಡಿಯೂ ತೇರ್ಗಡೆಯಾಗುವುದು! ಅತಿನೇರಿಳೆ ಬೆಳಕಿನಲ್ಲಿ ನೀಲಿಯಾಗಿಯೋ ಹಸುರಾಗಿಯೋ ಹೊಳೆಯುವ ಈ ವಿಷಕ್ಕೆ ಬೇರೆಯೇ ಪರೀಕ್ಷೆ ಬೇಕಾಯಿತು. ಕಡಲೆಕಾಯಿ ಹಿಟ್ಟನ್ನು ಮಕ್ಕಳ ಆಹಾರವಾಗಿ ಹಂಚುವ ಯೋಜನೆಗಳಿಗೆ ಇದು ದೊಡ್ಡ ಪೆಟ್ಟು. ಹಿಂಡಿಯನ್ನು ಒಲ್ಲದ ಜನರನ್ನು ಅಜ್ಞಾನಿಗಳೆಂದು ಜರೆದವರ ಮಾತನ್ನು ಇದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕೆಂದು ನಮ್ಮ ಅಭಿಪ್ರಾಯ. ಅವರಿಗೆ ಬೂಷ್ಟಿನ ವಿಷ ತಿಳಿದಿತ್ತೆಂದು ನಾವು ಹೇಳುವುದಿಲ್ಲ. ಪ್ರಯೋಗಶಾಲೆಗೂ ಆಗ ತಿಳಿದಿರಲಿಲ್ಲವೆಂದಷ್ಟೇ ಹೇಳುತ್ತೇವೆ.

ಭಾರತದ ಬಡವನಿಗೆ ಮೊದಲು ಕೊರತೆಯಾಗಿರುವುದು ಒಟ್ಟು ಆಹಾರವೇ ಹೊರತು ಪ್ರೋಟೀನೊಂದೇ ಅಲ್ಲವೆಂದು ಪಿ. ವಿ. ಸುಖಾತ್ಮೆ ವಾದಿಸಿದರು. 1974ರಲ್ಲಿ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರೋಟೀನಿನ ಹಿಂದೆ ಬಿದ್ದ ಜಾಗತಿಕ ನೀತಿಯನ್ನೇ ಭಾರಿ ವೈಫಲ್ಯವೆಂದು ಕರೆದನು. ಹಿಂಡಿಯ ಹೆಚ್ಚಿನ ಪಾಲು ಇಂದಿಗೂ ದನದ ಕಲಗಚ್ಚಿಗೇ ಸೇರುತ್ತದೆ. ಆದರೆ ಬೂಷ್ಟು ಹತ್ತಿದ ಹಿಂಡಿಯನ್ನು ತಿಂದ ಹಸುವಿನ ಹಾಲಿಗೆ ಆ ವಿಷ ರೂಪಾಂತರಗೊಂಡು ಇಳಿಯುವುದರಿಂದ, ಈಗ ಪರೀಕ್ಷೆಗೆ ಬರುವುದು ಹಿಂಡಿಯೊಂದೇ ಅಲ್ಲ, ಹಾಲೂ ಹೌದು.